ಮಣಕಕ್ಕೆ ಜೀನು

೩ ಡಿಸೆಂಬರ್ ೨೦೨೪, ಮಂಗಳವಾರ

ಮಣಕವನ್ನು ಮಾರಲು ಹೋಗಿ ಮುಖಕ್ಕೆ ಮಂಗಳಾರತಿ ಮಾಡಿಸಿಕೊಂಡು ಬಂದೆವು. ಹಳೆಯ ಗಾಡಿ ಕೊಳ್ಳುವ ಅಂಗಡಿಯವನು ಅದರ ಸುತ್ತ ಒಂದು ಸುತ್ತು ಬಂದು, "ಇದರ ಮ್ಯಾಲ ಹೆಂಡ್ತಿನ್ನ ಕೂಡ್ಸಾಕ ಬರಂಗಿಲ್ಲ, ಗ್ಯಾಸ್ ಸಿಲಿಂಡರ್ ಇಡಾಕ ಬರಂಗಿಲ್ಲ. ಯಾರು ತಗೋತಾರ್ರಿ ಇದನ್ನ?" ಎಂದ. ಗಾಡಿಯ ಬದಲು ನನ್ನನ್ನೇ ಅಂದ ಹಾಗೆ ಸಿಟ್ಟು ಬಂತು. ನನ್ನ ಗಂಡ ಸುಧಾಕರ ಮಾತ್ರ ಮುಖ ಸಣ್ಣದು ಮಾಡಿಕೊಂಡು ನಿಂತರು. ಅವರಿಗೆ ಇವತ್ತೇ ಅದು ಮನೆ ಬಿಟ್ಟು ಹೋಗಬೇಕಿತ್ತು.

ಮೂರು ವರ್ಷ ಕಮಲಾಪುರದ ಪಶು ಆಸ್ಪತ್ರೆಯಿಂದ ಹಳ್ಳಿಹಳ್ಳಿಗೆ ನನ್ನನ್ನು ಹೊತ್ತ ಬೈಕು. ಸಣಕಲು ಮೈ, ಉದ್ದ ಕಾಲು, ಕೆಸರು ಮತ್ತು ದಿಣ್ಣೆ ಎಂದರೆ ಪ್ರಾಣ. ಇನ್ನೂ ಕರು ಹಾಕದ ಎಳೆಯ ಆಕಳಿಗೆ ನಮ್ಮ ಕಡೆ ಮಣಕ ಎನ್ನುತ್ತಾರೆ. ತಂದ ಮೊದಲ ದಿನವೇ ಅದು ನನ್ನನ್ನು ಕೆಡವಿದ್ದರಿಂದ ಆ ಹೆಸರು ಬಿತ್ತು. ಊರವರ ಬಾಯಲ್ಲಿ ನಾನು 'ದನದ ಡಾಕ್ಟರಬಾಯಿ'. ನಿಜಕ್ಕೆ ಡಾಕ್ಟರಳಲ್ಲ, ಅವರ ಕೈಕೆಳಗಿನ ಪಶು ಪರೀಕ್ಷಕಿ. ಎಮ್ಮೆಗಳು ಪದವಿ ಕೇಳುವುದಿಲ್ಲವಾದ್ದರಿಂದ ನಡೆದುಕೊಂಡು ಬಂದಿದೆ.

ಜುಲೈಯಲ್ಲಿ ಮಹಾಗಾಂವದ ಶೇವಂತಾಳ ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಫೋನು ಬಂದಾಗ ಮಳೆ ಸುರಿಯುತ್ತಿತ್ತು. ಎರೆಮಣ್ಣು ಗಾಲಿಗೆ ಮೆತ್ತಿ ಮೆತ್ತಿ ಒಂದು ಕಡೆ ಗಾಲಿ ತಿರುಗುವುದನ್ನೇ ಬಿಟ್ಟಿತು. ಕೆಳಗೆ ನಾನು, ಮೇಲೆ ಮಣಕ. ಎಮ್ಮೆ ನನ್ನ ದಾರಿ ಕಾಯದೆ ತಾನೇ ಈದುಕೊಂಡಿತು. ನನ್ನ ಎಡಗಾಲಿಗೆ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ಸರಳು ಹಾಕಿದರು. ಕಾಲು ಕೂಡಿತು, ಆದರೆ ಒಂದು ಬೆರಳಿನಷ್ಟು ಗಿಡ್ಡವಾಗಿ, ಪಾದ ಮೇಲಕ್ಕೆ ಬಾಗದ ಹಾಗೆ.

ಆಸ್ಪತ್ರೆಯ ಮಂಚದ ಮೇಲೆಯೇ ಸುಧಾಕರರಿಗೆ ಮಾತು ಕೊಟ್ಟೆ: ಗಾಡಿ ಮಾರುತ್ತೇನೆ, ಮತ್ತೆ ಮುಟ್ಟುವುದಿಲ್ಲ. ಆ ಮನುಷ್ಯ ಅತ್ತುಬಿಟ್ಟರು. ಇಷ್ಟು ವರ್ಷದ ಸಂಸಾರದಲ್ಲಿ ಅವರು ಅತ್ತದ್ದು ನಾನು ನೋಡಿದ್ದು ಅದೊಂದೇ ಸಲ. ಕೃಷ್ಣೆಯ ಸಂಗಮದಿಂದ ಹಿಡಿದು ಭೀಮಾ ಹೊಳೆಯ ದಂಡೆಗುಂಟ ಅದು ಹುಟ್ಟುವ ಜಾಗದ ತನಕ ಹತ್ತಿಕೊಂಡು ಹೋಗಬೇಕು ಎಂಬ ನನ್ನ ಹಳೆಯ ಹುಚ್ಚೊಂದಿತ್ತು. ಅವರ ಶಾಲೆಯ ಭೂಗೋಳದ ನಕ್ಷೆಯ ಮೇಲೆ ಬೆರಳಾಡಿಸಿ ಎಷ್ಟೋ ಸಲ ತೋರಿಸಿದ್ದೆ. ಅದೂ ಗಾಡಿಯ ಜೊತೆಗೇ ಹೋಗಲಿ. ಮಾತು ಮಾತೇ.

೫ ಡಿಸೆಂಬರ್, ಗುರುವಾರ

ಗಾಜಿಪುರದ ನಮ್ಮ ಓಣಿಯ ತುದಿಯಲ್ಲಿ ಚಾಂದಪಾಶಾನ ಗ್ಯಾರೇಜಿದೆ. ಹೊಟ್ಟೆ ಮುಂದೆ, ಚಾಂದಪಾಶಾ ಹಿಂದೆ. ಬಾಯಿ ಅದಕ್ಕಿಂತ ಮುಂದೆ. ಮಣಕವನ್ನು ನೋಡಿದವನೇ, "ಹಿಂಗೇ ಕೊಟ್ರ ಗುಜರಿಯವ ತೂಕಕ್ಕ ಹಾಕ್ಕೊಂಡು ಹೋಗ್ತಾನ ಅಕ್ಕಾ. ಇದನ್ನ ದೂರ ಹೋಗೂ ಗಾಡಿ ಮಾಡೂಣು. ದೊಡ್ಡ ಟ್ಯಾಂಕಿ, ಅಗಲ ಸೀಟು, ಸಾಮಾನು ಹೊರಾಕ ಕ್ಯಾರಿಯರ್. ಹೈದರಾಬಾದ, ಸೊಲ್ಲಾಪುರದ ಮಂದಿ ಈಗ ಅಂಥಾವೇ ಹುಡುಕ್ಯಾಡಾಕತ್ತಾರ. ಹಗುರ ಗಾಡಿ, ಡಾಂಬರಿಗೂ ಸೈ, ಕೆಸರಿಗೂ ಸೈ" ಎಂದ.

"ಮಾರಿ ಹೋಗ್ತದಲ್ಲ?" ಎಂದು ಸುಧಾಕರ ಎರಡು ಸಲ ಕೇಳಿದರು.

"ಗ್ಯಾರಂಟಿ ಸರ್. ಫಿಕರ್ ಮಾಡಬ್ಯಾಡ್ರಿ."

ಸರಿ ಎಂದೆವು. ಸಂತೆಗೆ ಹೊಡೆಯುವ ಮುಂಚೆ ದನದ ಕೊಂಬಿಗೆ ಬಣ್ಣ ಹಚ್ಚುವುದಿಲ್ಲವೇ, ಹಾಗೆ. ಅವನು ಎಂಜಿನ್ ಚಾಲೂ ಮಾಡಿದಾಗ ನಾನು ಕೋಲೂರಿಕೊಂಡು ಒಳಗೆ ಹೋಗಿ ನಲ್ಲಿ ಬಿಟ್ಟು ಕೈ ತೊಳೆದೆ. ಕೈಯೇನೂ ಹೊಲಸಾಗಿರಲಿಲ್ಲ. ಆ ಸದ್ದು ನಿಲ್ಲುವ ತನಕ ತೊಳೆಯುತ್ತಲೇ ಇದ್ದೆ.

೬ ಡಿಸೆಂಬರ್

ಬಾಬಾಸಾಹೇಬರ ಪರಿನಿರ್ವಾಣದ ದಿನ. ಜಗತ್ ವೃತ್ತಕ್ಕೆ ಹೋಗಿ ಅವರ ಪ್ರತಿಮೆಯ ಮುಂದೆ ಮೇಣದಬತ್ತಿ ಹಚ್ಚಿದೆವು. ಬಗ್ಗಿದವಳಿಗೆ ಏಳಲು ಬರಲಿಲ್ಲ, ಸುಧಾಕರ ರಟ್ಟೆ ಹಿಡಿದು ಎಬ್ಬಿಸಿದರು. ಬೇರೆ ಏನೂ ಬರೆಯುವ ಮನಸ್ಸಿಲ್ಲ.

೧೧ ಡಿಸೆಂಬರ್, ಬುಧವಾರ

ಚಾಂದಪಾಶಾನ ಹತ್ತಿರ ಇವತ್ತು ಜಗಳ. ಹಳೆಯ ಸೀಟು ಕಿತ್ತು ಹೊಸದಕ್ಕೆ ತಗಡು ಬಡಿದು ಇಟ್ಟಿದ್ದ. ನಾನು ಹೋದೊಡನೆ, "ನಾಪ್ ಯಾರದು? ಯಾರ ಅಳತೀಗೆ ಹೊಲೀಲಿ?" ಎಂದು ಕೇಳಿದ.

"ತಗೋಳವ್ರದು."

"ಅವ್ರು ಎಲ್ಲಿ ಅದಾರ?"

"ಇನ್ನೂ ಸಿಕ್ಕಿಲ್ಲಪಾ. ಅಂದಾಜಿಗಿ ಮಾಡು."

ಅವನು ಕೈಯೊಳಗಿನ ಕತ್ತರಿ ಕೆಳಗಿಟ್ಟೇ ಬಿಟ್ಟ. ಅವನ ಅಪ್ಪ ಟಾಂಗಾ ಕುದುರೆಗಳಿಗೂ ಸವಾರಿ ಕುದುರೆಗಳಿಗೂ ಜೀನು ಹೊಲಿಯುತ್ತಿದ್ದವರು. ಆ ಮನೆಯಲ್ಲಿ ಒಂದು ಪದ್ಧತಿ: ಸವಾರನನ್ನು ಕೂಡಿಸದೆ ಜೀನಿಗೆ ಒಂದು ಹೊಲಿಗೆಯನ್ನೂ ಹಾಕಬಾರದು. "ಖಾಲಿ ಜೀನು ಹೊಲದ್ರ ಕುದುರಿ ಮುಗ್ಗರಸ್ತದಂತ ಅಬ್ಬಾ ಹೇಳ್ತಿದ್ರು. ಮಂದಿ ಇಲ್ದ ನಾಪಿಲ್ಲ ಅಕ್ಕಾ. ಯಾರರೆ ಕೂಡ್ಲೇಬೇಕು."

ಸುಧಾಕರರನ್ನು ಕರೆಸಿದೆ. ಅವರು ಗ್ಯಾರೇಜಿನ ಬಾಗಿಲಲ್ಲಿಯೇ ನಿಂತು ಗಾಡಿಗೆ ಕೈ ಮುಗಿದು, "ನನಗ ಸೈಕಲ್ಲೇ ಸರಿಯಾಗಿ ಬರಂಗಿಲ್ಲ" ಎಂದು ಶಾಲೆಗೆ ಹೋದರು. ಚಾಂದಪಾಶಾ ಕುಳಿತರೆ ಅಳೆಯುವವರು ಯಾರು? ಕಡೆಗೆ ನಾನೇ ಕುಳಿತೆ, ಬರೀ ಮಾದರಿಗೆ. ಸ್ಟ್ಯಾಂಡಿನ ಮೇಲೆ ನಿಂತ ಗಾಡಿ. ಎಂಜಿನ್ ಚಾಲೂ ಇಲ್ಲ, ಸೀಟೂ ಇಲ್ಲ. ಮುಟ್ಟುವುದಿಲ್ಲ ಎಂದು ನಾನು ಹೇಳಿದ್ದು ಓಡಿಸುವ ವಿಷಯಕ್ಕೆ. ಚಿತ್ರಕ್ಕೆ ಕುಳಿತವಳನ್ನು ಯಾರೂ ಸವಾರಳು ಎನ್ನುವುದಿಲ್ಲ.

೧೭ ಡಿಸೆಂಬರ್, ಮಂಗಳವಾರ

ಕೆಲಸಕ್ಕೆ ಹೋಗಲು ಶುರು ಮಾಡಿದೆ. ಬಸ್ಸಿನಲ್ಲಿ ಕಮಲಾಪುರ, ಅಲ್ಲಿ ಕುರ್ಚಿ. ಆಸ್ಪತ್ರೆಗೆ ಹೊಡೆದುಕೊಂಡು ಬಂದ ದನ ನೋಡುವುದು, ಬರಲಾರದವಕ್ಕೆ ಫೋನಿನಲ್ಲಿ ಔಷಧ ಹೇಳುವುದು. ಫೋನಿನಲ್ಲಿ ಎಮ್ಮೆಯ ಹೊಟ್ಟೆ ಮುಟ್ಟಿ ನೋಡಲು ಬರುವುದಿಲ್ಲ ಎಂದು ಯಾರಿಗೆ ಹೇಳಲಿ?

ಸಂಜೆ ಗ್ಯಾರೇಜು. ಈ ಜಾತಿಯ ಗಾಡಿಗೆ ಗೇರ್ ಹಾಕಲು ಬೆರಳ ತುದಿಯಿಂದ ಮೇಲಕ್ಕೆ ಎತ್ತಬೇಕು. ಮಾದರಿಗೆ ಕುಳಿತ ನನ್ನ ಪಾದ ಏಳಲೊಲ್ಲದು. ಚಾಂದಪಾಶಾ ಮಾತಾಡದೆ ಹೋಗಿ, ಹಾಲಿನವರ ಹಳೆಯ ಗಾಡಿಗಳಿಗಿರುವಂಥ ಎರಡು ಕಡೆಯ ಗೇರ್ ಕಡ್ಡಿ ತಂದು ಕೂಡಿಸಿದ. ಮುಂದೆ ತುಳಿದರೂ ಬೀಳುತ್ತದೆ, ಹಿಮ್ಮಡಿಯಿಂದ ತುಳಿದರೂ ಬೀಳುತ್ತದೆ. ದೂರದ ದಾರಿಗೆ ಇದೇ ಚಲೋ, ಕೊಳ್ಳುವವನ ಬೂಟಿನ ತುದಿ ಸವೆಯುವುದಿಲ್ಲ.

ಎಡಗಡೆ ಕಾಲಿಡುವ ಕಡ್ಡಿಯ ಮೇಲೆ ಒಂದು ಬೆರಳು ದಪ್ಪದ ರಬ್ಬರು ಹೊಡೆಸಿದೆ. ಗೇರಿನ ಕಾಲಿಗೆ ದಣಿವು ಹೆಚ್ಚು, ಯಾರದಾದರೂ ಸರಿ. ಹ್ಯಾಂಡಲ್ಲನ್ನೂ ಒಂದಿಷ್ಟು ಎತ್ತರಿಸಿ ಹತ್ತಿರ ತರಿಸಿದೆ. ಚಾಂದಪಾಶಾ, "ಬರಾಬರ್ ಅದ ಏನ್ರಿ ಅಕ್ಕಾ?" ಎಂದ. ಬರಾಬರ್ ಇತ್ತು.

೨೨ ಡಿಸೆಂಬರ್, ಭಾನುವಾರ

ಇಡೀ ದಿನ ಗ್ಯಾರೇಜಿನಲ್ಲಿ ಕಳೆದೆ. ಊಟಕ್ಕೆ ಮನೆಗೆ ಬಾ ಎಂದು ಸುಧಾಕರ ಫೋನು ಮಾಡಿದ್ದು ಕೇಳಲೇ ಇಲ್ಲ. ಪಾಪ, ತಾವೇ ಡಬ್ಬಿ ಕಟ್ಟಿಕೊಂಡು ಬಂದು ಬಾಗಿಲಲ್ಲಿ ಕೊಟ್ಟು ಹೋದರು. ಪುಂಡಿಪಲ್ಯಕ್ಕೆ ಉಪ್ಪೇ ಇರಲಿಲ್ಲ. ಹೇಳಲಿಲ್ಲ.

ದೊಡ್ಡ ಟ್ಯಾಂಕಿ ಬಂತು. ಹಳೆಯದರಲ್ಲಿ ಹುಮನಾಬಾದ ಮುಟ್ಟುವುದರೊಳಗೆ ಬಂಕು ಹುಡುಕಬೇಕಿತ್ತು, ಇದು ಹಳ್ಳಿ ಮೇಲೆ ಹಳ್ಳಿ ದಾಟಿಸುತ್ತದೆ. ಮುಂದಿನ ಹಲ್ಲುಗಾಲಿ ಬದಲಿಸಿದ್ದರಿಂದ ಹೆದ್ದಾರಿಯಲ್ಲಿ ಎಂಜಿನ್ ಅರಚುವುದಿಲ್ಲವಂತೆ. ಎದೆಗೆ ಗಾಳಿ ಬಡಿಯದಂತೆ ಗಾಜಿನಂಥ ಒಂದು ಹಾಳೆಯನ್ನೂ ಕೂಡಿಸಿದ. ಎತ್ತರ ಎಷ್ಟಿರಬೇಕು ಎಂಬುದಕ್ಕೆ ಮತ್ತೆ ನಾನೇ ಕುಳಿತೆ. ಅದರ ಮೇಲಂಚು ನನ್ನ ಗಲ್ಲದ ಕೆಳಗೆ ಬಂದು ನಿಂತಿತು.

ಮನೆಗೆ ಬಂದ ಮೇಲೆ ಕೋಲಿನ ನೆನಪಾಯಿತು. ಹಿಂದಿನ ಗಾಲಿ ಎತ್ತಿ ನಿಲ್ಲಿಸಲು ಚಾಂದಪಾಶಾ ಅದನ್ನು ಆನಿಸಿದ್ದ. ಇರಲಿ, ಅಲ್ಲಿಯೇ ಉಪಯೋಗಕ್ಕೆ ಬರುತ್ತದೆ.

೩೦ ಡಿಸೆಂಬರ್, ಸೋಮವಾರ. ಎಳ್ಳ ಅಮಾವಾಸ್ಯೆ

ಇವತ್ತಿನ ಸಿಟ್ಟು ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಹೊಸ ಕ್ಯಾರಿಯರ್ ಪರೀಕ್ಷೆ ಆಗಬೇಕಿತ್ತು. ಶೇವಂತಾ ಚರಗಕ್ಕೆ ಹೊಲಕ್ಕೆ ಬನ್ನಿ ಎಂದು ನಾಲ್ಕು ಸಲ ಫೋನು ಮಾಡಿದ್ದಳು. ಚಾಂದಪಾಶಾ ಎರಡೂ ಕಡೆ ನೀರಿನ ಕ್ಯಾನು ಕಟ್ಟಿಕೊಂಡು ಗಾಡಿಯಲ್ಲಿ ಮಹಾಗಾಂವಕ್ಕೆ ಹೋಗುವುದು, ನಾನು ಬಸ್ಸಿನಲ್ಲಿ ಹೋಗುವುದು ಎಂದಾಯಿತು. ಸುಧಾಕರ ತರಬೇತಿಗೆಂದು ಬೀದರಿಗೆ ಹೋಗಿದ್ದರು. ನಮ್ಮ ಮನೆತನದಲ್ಲಿ ಭೂಮಿತಾಯಿಗೆಂದು ಬೆಳೆಯ ಮೇಲೆ ಚರಗ ಚೆಲ್ಲುವುದನ್ನು ಬಿಟ್ಟು ಒಂದು ತಲೆಮಾರಾಯಿತು, ಚರಗದ ಊಟವನ್ನು ಯಾರೂ ಬಿಟ್ಟಿಲ್ಲ.

ಶೇವಂತಾ ಮೊದಲು ಕರು ತೋರಿಸಿದಳು. ಕರ್ರಗೆ ಮಿಂಚುತ್ತಿದೆ. "ನಿಮ್ಮ ಹೆಸರೇ ಇಟ್ಟೀನ್ರಿ ಡಾಕ್ಟರಬಾಯಿ. ಏ ಸುಮಂಗಲಾ, ಬಾ ಇಲ್ಲಿ!" ಕರು ಬರಲಿಲ್ಲ, ನಾನೇ ಅರ್ಧ ಹೆಜ್ಜೆ ಮುಂದಿಟ್ಟಿದ್ದೆ. ಜೋಳದ ಹೊಲದ ನಡುವೆ ಕಂಬಳಿ ಹಾಸಿ ಸಜ್ಜಿ ರೊಟ್ಟಿ, ಭಜ್ಜಿ, ಕಡಬು, ಅಂಬಲಿ. ಹೊಟ್ಟೆ ಬಿರಿಯುವ ಹಾಗೆ ಉಂಡೆವು. ಊಟದ ಮಧ್ಯೆ ಚಾಂದಪಾಶಾ ತನ್ನ ಕ್ಯಾರಿಯರಿನ ಹೊಗಳಿಕೆಗೆ ತೊಡಗಿದ: "ಆನಿ ಕೂಡ್ಸಿದ್ರೂ ಏನಾಗಂಗಿಲ್ಲ." ಹೊಲದಲ್ಲಿ ಕುಳಿತ ಹೆಂಗಸರ ಮುಂದೆ ಆಡುವ ಮಾತೇ ಇದು?

ಹೊರಡುವ ಹೊತ್ತಿಗೆ ಶೇವಂತಾ ಜೋಳದ ಚೀಲ ತಂದು ಕ್ಯಾರಿಯರಿನ ಮೇಲೆ ಕುಕ್ಕಿದಳು. ಬೇಡ ಎಂದೆ. "ಹೆಣ್ಮಗಳು ನಮ್ಮ ದಾರ್ಯಾಗ ಬಿದ್ದು ಕಾಲು ಮುರಕೊಂಡಾಳ. ಬರೇ ಕೈಲೆ ಕಳಸಿದ್ರ ನನ್ನ ಹೊಲ ಬೆಳೀತದೇನ್ರಿ?" ಎಂದಳು. ಅವಳದು ನೋಡಿ ಪಕ್ಕದ ಹೊಲದವಳು ತೊಗರಿಬೇಳೆಯ ಗಂಟು ತಂದಳು. ಅವಳದು ನೋಡಿ ಮತ್ತೊಬ್ಬಳು ಕುಂಬಳಕಾಯಿ. ಶೇವಂತಾಳ ಗಂಡ ಕೆಂಪು ಬಾಳೆಯ ಇಡೀ ಗೊನೆ ತಂದು ಎಲ್ಲದರ ಮೇಲೆ ಕಟ್ಟಿದ. ಕೊಟ್ಟದ್ದನ್ನು ಹಿಂದಕ್ಕೆ ತಳ್ಳುವ ಧೈರ್ಯ ಈ ಸೀಮೆಯಲ್ಲಿ ಯಾರಿಗಿದೆ? ಚಾಂದಪಾಶಾ ಆನೆಯ ಮಾತು ಆಡಿಬಿಟ್ಟಿದ್ದಾನೆ, ಅವನ ಬಾಯಿಗೂ ಬೀಗ.

ಅವನು ಗಾಡಿ ಬಿಟ್ಟ ಮೇಲೆ ನಾನು ಟೆಂಪೊ ಹತ್ತಿದೆ. ಒಂದು ತಿರುವು ದಾಟಿದರೆ ದಾರಿಯ ಬದಿಯಲ್ಲಿ ಅವನು ಕುಂಬಳಕಾಯಿಯ ಪಕ್ಕದಲ್ಲಿ ಕುಳಿತಿದ್ದಾನೆ. ಸೀಟಿನ ಕೆಳಗಿನ ಚೌಕಟ್ಟೇ ಬಾಗಿ, ಬೆಸುಗೆ ಬಿಟ್ಟು, ಕ್ಯಾರಿಯರ್ ಟಾಯರಿನ ಮೇಲೆ ಕುಳಿತಿತ್ತು. ಬೀಳುವ ಗಾಡಿಯನ್ನು ಹಿಡಿಯಲು ಹೋಗಿ ಬಲಗೈ ಉಳುಕಿಸಿಕೊಂಡಿದ್ದ, ಎಕ್ಸಲೇಟರ್ ಹಿಡಿಯಲಾರ. ಕ್ಯಾರಿಯರ್ ಬಿಚ್ಚಿ ಅವನನ್ನೂ ಗಂಟುಗಳನ್ನೂ ಟೆಂಪೊಕ್ಕೆ ಹಾಕಿ, ಕಮಲಾಪುರದ ತನಕ ನಾನು ಗಾಡಿ ತಂದೆ. ಹಬ್ಬದ ದಿನವಾದರೂ ವೆಲ್ಡಿಂಗ್ ಅಂಗಡಿ ತೆರೆದಿತ್ತು, ಪುಣ್ಯ. ಆದರೆ ಅಲ್ಲಿಯವನು ಚಾಂದಪಾಶಾನ ಬೆಸುಗೆ ನೋಡಿ ನಕ್ಕ, ಇವನು ಅವನ ನಗೆ ನೋಡಿ ಉರಿದ. ಇಬ್ಬರದೂ ಮುಗಿಯುವ ತನಕ ನಾನು ಬಾಳೆಹಣ್ಣು ತಿಂದೆ, ಅರ್ಧ ಗೊನೆ ಹೇಗೂ ಜಜ್ಜಿಹೋಗಿತ್ತು. ಹೊರೆಯನ್ನು ಸೀಟಿನ ಚೌಕಟ್ಟಿಗೆ ಹೊರಿಸಬಾರದು, ಕೆಳಗೆ ಮುಖ್ಯ ಚೌಕಟ್ಟಿಗೇ ಕೂಡಿಸಬೇಕು. ಭಾರ ಎರಡೂ ಮಗ್ಗುಲಲ್ಲಿ ಕೆಳಗೆ ಇಳಿಬಿಡಬೇಕು, ಬೆನ್ನ ಮೇಲೆ ಪೇರಿಸಬಾರದು. ಗಾಡಿ ಹಗುರ ಇರುವುದೇ ಅದರ ಗುಣ, ಆ ಗುಣವನ್ನೇ ಕೊಂದು ಊರು ಸುತ್ತಿ ಏನು ಬಂತು?

೩೧ ಡಿಸೆಂಬರ್

ಸುಧಾಕರ ಬೀದರಿನಿಂದ ಬಂದರು. "ಗಾಡಿ ಮುರದಿತ್ತಂತ. ಚಾಂದಪಾಶಾನ ಕೈ ಉಳುಕೇದ. ಕಮಲಾಪುರಕ್ಕ ಯಾರು ತಂದ್ರು?" ಎಂದು ಕೇಳಿದರು.

"ನಾ ತಂದೆ" ಎಂದೆ, ರೊಟ್ಟಿ ಬಡಿಯುತ್ತ.

ಅವರು ಬಹಳ ಹೊತ್ತು ನನ್ನ ಕಾಲನ್ನೇ ನೋಡಿದರು. ಆಮೇಲೆ ಅರ್ಧ ರೊಟ್ಟಿ ಬಿಟ್ಟು ಎದ್ದರು. ಏನಂತ ಸಿಟ್ಟೋ? ಗಾಡಿಯನ್ನು ನಡುದಾರಿಯಲ್ಲಿ ಬಿಟ್ಟು ಬರಬೇಕಿತ್ತೇ?

೮ ಜನವರಿ ೨೦೨೫, ಬುಧವಾರ

ಕ್ಯಾರಿಯರ್ ಹೊಸದಾಗಿ, ಗಟ್ಟಿಯಾಗಿ ಬಂತು. ಚಾಂದಪಾಶಾನ ಕೈ ಇನ್ನೂ ಪಟ್ಟಿಯಲ್ಲಿರುವುದರಿಂದ ಓಡಿಸಿ ನೋಡುವ ಕೆಲಸ ನನ್ನ ತಲೆಗೆ ಬಂದಿದೆ. ಕೆಟ್ಟ ಮಾಲು ಮಾರಿದರು ಎನ್ನಿಸಿಕೊಳ್ಳಬಾರದಲ್ಲ. ಬೆಳಿಗ್ಗೆ ರಿಂಗ್ ರೋಡಿನಲ್ಲಿ ಒಂದು ಸುತ್ತು, ಅಷ್ಟೇ. ದೀಪದ ಬೆಳಕು ಒಂದಿಷ್ಟು ಕೆಳಗೆ ಬೀಳುತ್ತಿದೆ, ಸರಿ ಮಾಡಿಸಬೇಕು. ಹಿಂದಿನ ಟಾಯರು ಡಾಂಬರಿನ ಮೇಲೆ ಗುಂಯ್ ಎನ್ನುತ್ತದೆ, ಅದು ಅದರ ಜಾತಿ. ಸೀಟು ಹೇಗಿದೆ ಎಂದು ಬರೆಯೋಣವೆಂದರೆ, ಅದರ ಮೇಲೆ ಕುಳಿತದ್ದೇ ನೆನಪಿಗೆ ಬರುತ್ತಿಲ್ಲ. ಒಳ್ಳೆಯ ಸೀಟು ಇರಬೇಕು.

ಸೊಲ್ಲಾಪುರದ ಯಶವಂತ ಎಂಬವರು ಸುಧಾಕರ ಹಾಕಿದ ಫೋಟೊ ನೋಡಿ ಫೋನು ಮಾಡಿದ್ದರಂತೆ. ಮುಂದಿನ ವಾರ ನೋಡಲು ಬರುತ್ತಾರೆ. ಸುಧಾಕರರಿಗೆ ಖುಷಿ. ನನಗೂ ಖುಷಿಯೇ. ತಲೆ ನೋಯುತ್ತಿದೆ, ಬೇಗ ಮಲಗುತ್ತೇನೆ.

೧೯ ಜನವರಿ, ಭಾನುವಾರ

ಇವತ್ತಿನದು ಇವತ್ತೇ ಬರೆದುಬಿಡುತ್ತೇನೆ.

ಯಶವಂತ ಬೆಳಗಿನ ರೈಲಿಗೆ ಬಂದರು. ಬ್ಯಾಂಕಿನ ನೌಕರಿ, ಸಭ್ಯ ಮನುಷ್ಯ, ತಾಳೆಮರದಷ್ಟು ಎತ್ತರ. ಗಾಡಿಯನ್ನು ಕಣ್ಣಲ್ಲಿಯೇ ನೆಕ್ಕಿದರು. ಬೆಸುಗೆ ಮುಟ್ಟಿ, ಟ್ಯಾಂಕಿ ತಟ್ಟಿ, "ಭಾರೀ ಕೆಲಸ ಮಾಡೀರಿ" ಎಂದರು. ಚಾಂದಪಾಶಾ ಎದೆ ಉಬ್ಬಿಸಬೇಕಿತ್ತು, ಉಬ್ಬಿಸಲಿಲ್ಲ. ನಟ್ಟು ಬಿಚ್ಚುವ ಪಾನಾ ಒರೆಸುತ್ತ ಮೂಲೆಯಲ್ಲಿ ನಿಂತಿದ್ದ.

ಆಮೇಲೆ ಯಶವಂತ ಹತ್ತಿ ಕುಳಿತರು. ಮೊಣಕಾಲು ಟ್ಯಾಂಕಿಗೆ ಬಡಿಯಿತು. ಹ್ಯಾಂಡಲ್ಲು ಹೊಟ್ಟೆಗೆ ಬಂತು. ಗಾಳಿಯ ಹಾಳೆ ಅವರ ಎದೆಯ ನಡುವಿಗೇ ಮುಗಿಯಿತು. ಗೇರಿನ ಕಡ್ಡಿಯ ಹಿಂದಿನ ತುದಿ ಹಿಮ್ಮಡಿಗೆ ತೊಡರಿತು. ನನಗೆ ನಗು ಬರಬೇಕಿತ್ತು.

"ಇದು ಯಾರದೋ ಮೈಗೆ ಹೊಲದ ಅಂಗಿ ಆಗ್ಯಾದಲ್ರಿ" ಎಂದರು. ಅವರ ಕಣ್ಣು ಎಡಗಡೆಯ ರಬ್ಬರಿನ ಮೇಲೆ ಹೋಯಿತು. "ಈ ಒಂದು ಕಡೀಗಷ್ಟೇ ಯಾಕ ಎತ್ತರ ಮಾಡೀರಿ?"

ಚಾಂದಪಾಶಾ ನನ್ನ ಎಡಗಾಲು ನೋಡಿದ. ಸುಧಾಕರ ನೋಡಿದರು. ನಾನೂ ನೋಡಿದೆ. ಒಂದು ತಿಂಗಳಿಂದ ಆ ರಬ್ಬರಿಗೆ ಏನೇನು ನೆವ ಹೇಳಿಕೊಂಡಿದ್ದೆನೋ ಎಲ್ಲ ಒಟ್ಟಿಗೆ ನೆನಪಾಗಿ ಮುಖ ಬಿಸಿಯಾಯಿತು.

"ಇರ್ಲಿ, ಗಾಡಿ ಚಲೋ ಅದ, ನಾ ತಗೋತೀನಿ" ಎಂದರು ಯಶವಂತ. "ಇದನ್ನೆಲ್ಲ ಬಿಚ್ಚಿಸಿ ನನ್ನ ನಾಪಿಗೆ ಮಾಡಿಸ್ಕೋತೀನಿ."

ಸುಧಾಕರ ಜೇಬಿನಿಂದ ಕೀಲಿ ತೆಗೆದರು. ಕೊಡಲು ಕೈ ಚಾಚಿಯೂ ಇದ್ದರು.

"ಬಿಚ್ಚಬ್ಯಾಡ್ರಿ" ಎಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. "ತಪ್ಪು ತಿಳ್ಕೋಬ್ಯಾಡ್ರಿ, ನಿಮಗ ಸುಮ್ನೆ ತ್ರಾಸ ಕೊಟ್ಟೆ. ನಾ ಇದನ್ನ ಮಾರಂಗಿಲ್ಲ."

ಯಶವಂತ ನಿಧಾನವಾಗಿ ಇಳಿದು, ಸೀಟಿನ ಮೇಲಿನ ಧೂಳನ್ನು ಕೈಯಿಂದ ಒರೆಸಿದರು. ಚಹಾ ಕುಡಿದು ಮಧ್ಯಾಹ್ನದ ರೈಲಿಗೆ ಹೋದರು. ಸುಧಾಕರ ಕೀಲಿಯನ್ನು ಮತ್ತೆ ಜೇಬಿಗೆ ಹಾಕಿಕೊಂಡು, ನನಗಾಗಿ ನಿಲ್ಲದೆ ಮನೆಗೆ ನಡೆದರು.

೨೦ ಜನವರಿ

ಮನೆಯಲ್ಲಿ ಮಾತಿಲ್ಲ. ಮಾತು ತಪ್ಪಿದವಳು ನಾನು. ಬೈದರೂ ಬೈಸಿಕೊಳ್ಳಬಹುದಿತ್ತು.

೨೨ ಜನವರಿ, ಬುಧವಾರ

ಬೆಳಿಗ್ಗೆ ಚಹಾ ಕೊಡುವಾಗ ನಾನೇ ಬಾಯಿ ಬಿಟ್ಟೆ. "ಮಾತು ಕೊಟ್ಟು ತಪ್ಪೀನಿ. ಬೈರಿ ಒಮ್ಮೆ, ಮುಗೀಲಿ."

ಅವರು ಚಹಾದ ಕಪ್ಪನ್ನೇ ನೋಡುತ್ತ ಹೇಳಿದರು: "ಅವತ್ತು ಆಸ್ಪತ್ರ್ಯಾಗ ನಿನ್ನ ಒಳಗ ಒಯ್ದ ಮ್ಯಾಲ ನರ್ಸ್ ಬಂದು ನನ್ನ ಕೈಯಾಗ ಒಂದು ಬೂಟು ಕೊಟ್ಟಳು. ಒಂದೇ. ಇನ್ನೊಂದು ಎಲ್ಲೋ ಕೆಸರಾಗ ಹೋಗಿತ್ತು. ನೀ ಹೊರಗ ಬರೂತನಕ ಆ ಒಂದು ಬೂಟು ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದೆ ಸುಮಂಗಲಾ. ಗಾಡಿ ಸದ್ದು ಕೇಳಿದ್ರ ನನ್ನ ಕೈಯಾಗ ಇನ್ನೂ ಅದರ ಭಾರ ಬರ್ತದ."

ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಇಷ್ಟು ದಿನ ಈ ಮನೆಯಲ್ಲಿ ಬಿದ್ದದ್ದು ನಾನೊಬ್ಬಳೇ ಎಂದುಕೊಂಡಿದ್ದೆ. ಅವರೂ ಬಿದ್ದಿದ್ದರು, ಯಾರೂ ಪಟ್ಟಿ ಕಟ್ಟಿರಲಿಲ್ಲ.

"ಹೆದರಿಕಿ ನನಗೂ ಅದರೀ" ಎಂದೆ. "ಮಹಾಗಾಂವದಿಂದ ಬರೂ ದಿನ ಹಲ್ಲು ಕಚ್ಚಿ ಬಂದೀನಿ. ಆದ್ರ ಹತ್ತಿದ ಮ್ಯಾಲ ಕಾಲು ಮುರದದ್ದು ನೆನಪೇ ಆಗಲಿಲ್ಲ. ಕುರ್ಚಿ ಮ್ಯಾಲ ಕುಂತಾಗ ದಿನಾ ಆಗ್ತದ."

ಅವರು ಎದ್ದು ಶಾಲೆಗೆ ಹೋದರು. ಕಪ್ಪಿನಲ್ಲಿ ಚಹಾ ಹಾಗೆಯೇ ಉಳಿದಿತ್ತು.

೨೬ ಜನವರಿ, ಭಾನುವಾರ

ಧ್ವಜ ಹಾರಿಸಿ ಸುಧಾಕರ ಮನೆಗೆ ಬರಲಿಲ್ಲ. ಚಾಂದಪಾಶಾನ ಫೋನು: "ಅಕ್ಕಾ, ಲಗೂ ಬರ್ರಿ. ಸರ್ ಬಂದಾರ." ಗಾಡಿಯನ್ನು ಬೇರೆ ಯಾರಿಗೋ ಕೊಟ್ಟೇ ಬಿಟ್ಟರು ಎಂದು ಓಣಿಯುದ್ದಕ್ಕೂ ಓಡಿದೆ. ಹೌದು, ಓಡಿದೆ. ಕುಂಟುತ್ತ ಓಡಿದ್ದನ್ನು ಓಣಿಯೆಲ್ಲ ನೋಡಿತು.

ಗ್ಯಾರೇಜಿನ ನೆಲದ ಮೇಲೆ ಶಾಲೆಯ ನಕ್ಷೆ ಹಾಸಿ, ನಾಲ್ಕು ಮೂಲೆಗೆ ನಟ್ಟು ಬೋಲ್ಟು ಇಟ್ಟು, ಅಂಗಿಗೆ ಧ್ವಜ ಚುಚ್ಚಿಕೊಂಡ ನನ್ನ ಗಂಡ ಮೊಣಕಾಲೂರಿ ಕುಳಿತಿದ್ದಾರೆ.

"ನೀ ಯಾವಾಗ್ಲೂ ಕೆಳಗಿಂದ ಮ್ಯಾಲ ಹೋಗ್ತೀನಿ ಅಂತಿದ್ದಿ" ಎಂದರು, ತಲೆಯೆತ್ತದೆ. "ಸಂಗಮದಿಂದ ಹುಟ್ಟಿನ ಕಡೀಗೆ. ಹಂಗಾದ್ರ ದಿನಾ ನನ್ನಿಂದ ದೂರ ದೂರ ಹೋಗ್ತಿ. ಅದು ನನ್ನ ಕೈಲಿ ಆಗಂಗಿಲ್ಲ. ಮೊದಲ ಹೆದ್ದಾರಿ ಹಿಡದು ಭೀಮಾಶಂಕರಕ್ಕ ಹೋಗಿ ಮುಟ್ಟು. ಅಲ್ಲಿಂದ ಹೊಳಿ ಗುಂಟ ಕೆಳಗ ಬಾ. ಪಂಢರಪುರ, ಅಫಜಲಪುರ, ಗಾಣಗಾಪುರ. ನೀರು ಈ ಕಡೀಗೇ ಬರ್ತದ. ಹಂಗ ಬಂದ್ರ ನೀ ಎಷ್ಟು ತಿರುಗಿದ್ರೂ ದಿನಾ ಮನೀಗೆ ಹತ್ರಾನೇ ಬರ್ತಿ. ಅಷ್ಟಾದ್ರ ನಾ ತಡಕೋತೀನಿ."

ಮೊದಲ ಸಲ ಅವರ ಭೂಗೋಳ ಪಾಠ ಕೇಳಿ ನನ್ನ ಕಣ್ಣು ತುಂಬಿತು. ಮಾಸ್ತರು ಅದನ್ನು ನೋಡಲಿಲ್ಲ, ಗಾಣಗಾಪುರದ ಮೇಲೆ ಬೆರಳಿಟ್ಟುಕೊಂಡಿದ್ದರು.

"ಇಲ್ಲೀತನಕ ನಾ ಬಸ್ಸಿಗಿ ಬರ್ತೀನಿ. ಇಲ್ಲಿಂದ ಮನೀತನಕ ಹಿಂದ ಕೂಡ್ತೀನಿ. ಆಮ್ಯಾಲ ಸಂಗಮದ ಕಡೀಗೆ ಹೋಗೂದು ವಿಚಾರ ಮಾಡೂಣು."

"ಹಿಂದ ಜಾಗಾ ಎಲ್ಲದ್ರಿ ಸರ್?" ಎಂದ ಚಾಂದಪಾಶಾ. "ಕ್ಯಾರಿಯರ್ ಅದ."

"ಮತ್ತ ಮಾಡು. ಅದಕ್ಕೇ ಬಂದೀನಿ."

"ಹಂಗಾದ್ರ ಹತ್ರಿ. ಮಂದಿ ಇಲ್ದ ನಾಪಿಲ್ಲ."

ನಾನು ಮುಂದೆ ಕುಳಿತು ಗಾಡಿ ಹಿಡಿದೆ. ಸೈಕಲ್ಲೂ ಸರಿಯಾಗಿ ಬಾರದ ಮನುಷ್ಯ ಒಂದು ಕಾಲು ಎತ್ತಿ, ಇಳಿಸಿ, ಮತ್ತೆ ಎತ್ತಿ, ಕಡೆಗೆ ಕುಳಿತೇ ಬಿಟ್ಟರು. ಎರಡೂ ಕೈಯಿಂದ ನನ್ನ ಭುಜ ಹಿಡಿದರು. ಹಿಡಿದದ್ದಲ್ಲ, ಹಿಂಡಿದರು. ಗಾಡಿ ಸ್ಟ್ಯಾಂಡಿನ ಮೇಲೆಯೇ ಇತ್ತು. ಚಾಂದಪಾಶಾ ಟೇಪು ಹಿಡಿದು ನಮ್ಮ ಸುತ್ತ ಸುತ್ತುತ್ತ, "ಉಸಿರು ಬಿಡ್ರಿ ಸರ್, ಉಸಿರು ಹಿಡದ್ರ ನಾಪ್ ತಪ್ಪತದ" ಎಂದ.

೭ ಫೆಬ್ರವರಿ, ಶುಕ್ರವಾರ

ರಜೆ ಮಂಜೂರಾಯಿತು. ಬಂದ ಮೇಲೆ ಹಳ್ಳಿಗಳಿಗೆ ಮತ್ತೆ ಹೋಗುತ್ತೇನೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದೇನೆ. ಅದು ಹೇಗೋ ಶೇವಂತಾಳ ಕಿವಿಗೆ ಮುಟ್ಟಿ, ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಡಕ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಕಳಿಸಿದ್ದಾಳೆ. ಒಂದು ಮದುವೆಗಾಗುವಷ್ಟಿದೆ. ಗಟ್ಟಿ ಮನಸ್ಸು ಮಾಡಿ ಅರ್ಧವನ್ನು ಚಾಂದಪಾಶಾನ ಮನೆಗೆ ಕೊಟ್ಟೆ. ಉಳಿದ ಅರ್ಧವನ್ನು ಸುಧಾಕರ ಎರಡು ಪಾಲು ಮಾಡಿ ಎಡಕ್ಕೊಂದು ಬಲಕ್ಕೊಂದು ಕೆಳಗೆ ಕಟ್ಟಿದರು, ಭಾರ ಸಮ ಇದೆಯೇ ಎಂದು ಅಂಗೈಯಲ್ಲಿ ಎತ್ತೆತ್ತಿ ನೋಡಿ.

೧೧ ಫೆಬ್ರವರಿ, ಮಂಗಳವಾರ. ಭೀಮಾಶಂಕರ

ಹೊಳೆ ಹುಟ್ಟುವ ಜಾಗ ನೋಡಿದೆ. ನಮ್ಮಲ್ಲಿ ಬಸ್ಸು ಕೊಚ್ಚಿಕೊಂಡು ಹೋಗುವ ಭೀಮೆ ಇಲ್ಲಿ ಒಂದು ಕೊಡ ತುಂಬಿದರೆ ಹೆಚ್ಚು. ನಗು ಬಂತು. ಬಗ್ಗಿ ಬೊಗಸೆಯಲ್ಲಿ ನೀರು ತೆಗೆದು ಮುಖ ತೊಳೆದು, ಎದ್ದು ಬಂದೆ.

ಮಣಕ ಕೆಳಗೆ ಮರದ ನೆರಳಿನಲ್ಲಿ ನಿಂತಿತ್ತು, ಮೈಯೆಲ್ಲ ಧೂಳು. ಹಿಂದಿನ ಸೀಟು ಖಾಲಿ ಇರುವುದು ನೋಡಿ ಮನಸ್ಸು ಸ್ವಲ್ಪ ಚುರ್ರೆಂದಿತು. ಕೀಲಿ ತಿರುಗಿಸುವಷ್ಟರಲ್ಲಿ ಫೋನು ಬಂತು. ಈ ಹೊತ್ತಿಗೆ ಅವರ ವರ್ಗ ನಡೆಯುತ್ತಿರಬೇಕು. ಹಿಂದೆ ಹುಡುಗರ ಗದ್ದಲ ಕೇಳುತ್ತಿತ್ತು.

"ಮುಟ್ಟಿದೇನು? ಎಲ್ಲಿದ್ದಿ ಈಗ?"

"ಹೊಳಿ ನೋಡಿದ್ನಿರೀ" ಎಂದೆ. "ಮನೀಗೆ ಬರಾಕತ್ತೀನಿ."